ಲಿಂಗಸಾಮಿಯ ಮೊಣಕಾಲು

ಲಿಂಗಸಾಮಿ ಓಟದಲ್ಲಿ ಸೋತದ್ದು ಅಷ್ಟು ದೊಡ್ಡ ಮಾತಲ್ಲ. ಸೋತ ಮೇಲೆ ಮೊಣಕಾಲು ಹಿಡಿದುಕೊಂಡು ಕುಕ್ಕರಿಸಿದನಲ್ಲ, ಅಲ್ಲಿಂದ ಶುರುವಾಯಿತು.

ತಮಿಳುನಾಡಿನ ಸಿರುಮುಗೈಯ ನೇಕಾರರ ಬೀದಿಯಲ್ಲಿ ಪೊಂಗಲ್ ಹಬ್ಬಕ್ಕೆ ಐವತ್ತು ದಾಟಿದ ಗಂಡಸರಿಗೊಂದು ಓಟದ ಪಂದ್ಯ. ಈ ಸಲ ಗೆದ್ದವರ ಕಪ್ ತನ್ನದೇ ಎಂದು ಲಿಂಗಸಾಮಿ ಟೀ ಅಂಗಡಿಯಲ್ಲಿ ಸಾರಿ ಸಾರಿ ಹೇಳಿದ್ದ. ಬೆಳಿಗ್ಗೆ ವಿಸಿಲ್ ಊದಿದ್ದೇ ತಡ, ಎಲ್ಲರೂ ಮುಂದೆ ಹೋದರು. ಇವನು ಕಡಿದ ನೂಲಿನ ಹಾಗೆ ಹಿಂದೆಯೇ ಉಳಿದ. ಹೊಟ್ಟೆಯನ್ನು ಬಿಂದಿಗೆಯಂತೆ ಹೊತ್ತು ಓಡುವ ಜಯರಾಮನ್ ಕೂಡ ಇವನಿಗಿಂತ ಮುಂಚೆ ಗೆರೆ ಮುಟ್ಟಿದ. ಇನ್ನು ಬೀದಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ಲಿಂಗಸಾಮಿಗೆ ಒಂದೇ ದಾರಿ ತೋಚಿತು.

"ಅಯ್ಯೋ, ಕಾಲು!"

ಯಾರೂ ನಗಲಿಲ್ಲ. ಉಪಾಯ ಫಲಿಸಿತೆಂದು ಮನೆ ಸೇರಿ, ಮಗ್ಗದ ಗುಂಡಿಗೆ ಕಾಲಿಳಿಸಿ, ಸೋತದ್ದು ತಾನಲ್ಲ, ಕಾಲು ಎಂದು ಸಮಾಧಾನ ಹೇಳಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಜಾನಕಿಯಮ್ಮ ಬಾಗಿಲಲ್ಲಿ ನಿಂತಳು.

"ತಂಬಿ, ಮೇಲೆ ಬಾ. ಮುರಿದ ಕಾಲಲ್ಲಿ ಮಗ್ಗ ತುಳೀತೀಯಾ?"

"ಮುರಿದಿಲ್ಲ ಅಕ್ಕಾ, ಸುಮ್ನೆ ಹಿಡ್ಕೊಂಡಿದೆ."

"ನಿನಗೇನು ಗೊತ್ತು? ವೈದ್ಯರನ್ನೇ ಕರ್ಕೊಂಡು ಬಂದೀನಿ."

ಅವಳ ಹಿಂದೆ ಎಲುಬು ಕಟ್ಟುವ ಸೆಲ್ಲಪ್ಪನ್, ಕಂಕುಳಲ್ಲಿ ಬಿದಿರಿನ ದಬ್ಬೆಗಳು. ಅವನು ಒಂದೊಂದೇ ಕಡೆ ಒತ್ತಿದ. ಎಲ್ಲಿ ಕಿರುಚಬೇಕೋ ತಿಳಿಯದೆ ಲಿಂಗಸಾಮಿ ಒತ್ತಿದಲ್ಲೆಲ್ಲ ಕಿರುಚಿದ.

"ರೊಂಬ ಕೆಟ್ಟಿದೆ," ಎಂದ ವೈದ್ಯ.

ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಬಟ್ಟೆ, ದಬ್ಬೆ. ಕ್ಷಣದಲ್ಲಿ ಕಾಲು ಮಗ್ಗದ ಮರದ ದಿಂಡಾಯಿತು. "ಪಥ್ಯ ಮಾಡ್ಬೇಕು. ಪೊಂಗಲ್ ಬೇಡ, ವಡೆ ಬೇಡ. ಗಂಜಿ ಮಾತ್ರ."

ಓಡಿದವರೆಲ್ಲ ಸಮಾಧಾನ ಹೇಳಲು ಬಂದರು. ಹಬ್ಬದ ದಿನ ಬಂದವರನ್ನು ಹಾಗೇ ಕಳಿಸುವುದುಂಟೇ? ಹೆಂಡತಿ ವಿಜಯಕುಮಾರಿ ಎಲ್ಲರಿಗೂ ಎಲೆ ಹಾಕಿದಳು.

"ಎನ್ನಂಗ, ಕೇಳಿದ್ರಾ, ನಿಮ್ಮ ಪಾಲನ್ನ ಜಯರಾಮಣ್ಣನಿಗೆ ಬಡಿಸಿಬಿಟ್ಟೆ. ನಿಮ್ಮ ಕಾಲು ನೋಡಿ ಪಾಪ, ಕಣ್ಣಲ್ಲಿ ನೀರು ಹಾಕ್ಕೊಂಡ್ರು."

"ನೀರು ಬಂದದ್ದು ಬಾಯಲ್ಲಿ," ಎಂದು ಲಿಂಗಸಾಮಿ ಗಂಜಿ ಹೀರಿದ.

ಸಂಜೆಯ ಹೊತ್ತಿಗೆ ಪಂದ್ಯ ನಡೆಸುವ ಮಣಿಕಂಡನ್ ಓಡಿ ಬಂದ. "ಮೊದಲು ಬಂದವನಿಗೆ ಐವತ್ತೇ ಆಗಿಲ್ವಂತೆ! 'ನಮ್ಮವರು ಅಷ್ಟು ಮುದುಕರಲ್ಲ' ಅಂತ ಅವನ ಹೆಂಡತಿಯೇ ಜಗಳಕ್ಕೆ ನಿಂತಳು. ಮತ್ತೆ ಓಟ ಇದೆ, ಎಲ್ಲರೂ ಎದ್ದು ಬನ್ನಿ. ನೀನು ಮಲಕ್ಕೋ, ಲಿಂಗಸಾಮಿ."

ಲಿಂಗಸಾಮಿ ಜಗಲಿಯತ್ತ ನೋಡಿದ. ಉಂಡವರೆಲ್ಲ ಕುಂಬಳಕಾಯಿಗಳಂತೆ ಉರುಳಿದ್ದರು. ತನ್ನ ಹೊಟ್ಟೆ ಮುಟ್ಟಿಕೊಂಡ, ಬೆನ್ನಿಗೆ ಅಂಟಿತ್ತು. ಇಷ್ಟು ಒಳ್ಳೆಯ ಗಳಿಗೆ ಇನ್ನೆಂದು ಸಿಗಬೇಕು? ದಬ್ಬೆಗಳನ್ನು ಕಿತ್ತು ಬಿಸಾಡಿದ.

"ನಾನೂ ಓಡ್ತೀನಿ!"

"ತಂಬೀ!" ಎಂದು ಜಾನಕಿಯಮ್ಮ ಚೀರುವುದರೊಳಗೆ ಅವನು ಗೆರೆಯ ಮೇಲೆ ನಿಂತಿದ್ದ.

ಓಡಿದ. ಲಾಳಿ ಹಾರಿದ ಹಾಗೆ ಓಡಿದ. ಜಯರಾಮನ್ ನಡುದಾರಿಯಲ್ಲಿ ಲೈಟುಕಂಬ ತಬ್ಬಿಕೊಂಡು ತೇಗಿದ. ಉಳಿದವರು ಅಲ್ಲಿಯವರೆಗೂ ಬಂದಿರಲಿಲ್ಲ.

ಬೀದಿಗೆ ಬೀದಿಯೇ ಕೂಗಿತು. ಲಿಂಗಸಾಮಿ ಕಣ್ಣು ಮುಚ್ಚಿ, ಹೆಗಲ ಮೇಲೆ ಎತ್ತಲಿ ಎಂದು ಕೈ ಅಗಲಿಸಿ ನಿಂತ. ಕೂಗು ಅವನನ್ನು ದಾಟಿ ಹೋಯಿತು. ಕಣ್ಣು ಬಿಟ್ಟರೆ, ಜನರ ಹೆಗಲ ಮೇಲೆ ಸೆಲ್ಲಪ್ಪನ್! ಕೊರಳಲ್ಲಿ ಹಾರ, ಕೈಯಲ್ಲಿ ಕಪ್.

"ಬೆಳಿಗ್ಗೆ ಮುರಿದ ಕಾಲು ಸಂಜೆಗೆ ಗೆದ್ದಿತಲ್ಲಪ್ಪಾ! ಏನು ಕೈಗುಣ!" ಎಂದು ಜನ ಕೊಂಡಾಡಿದರು.

"ಅಣ್ಣಾ, ಓಡಿದ್ದು ನಾನು!" ಎಂದ ಲಿಂಗಸಾಮಿ.

"ಓಡಿದ್ದು ನೀನೇ, ಸರಿ. ಓಡಿಸಿದ್ದು ಯಾರು?" ಎಂದ ಮಣಿಕಂಡನ್.

ಕಾಲು ಮುರಿದೇ ಇರಲಿಲ್ಲ ಎನ್ನಲು ಲಿಂಗಸಾಮಿ ಬಾಯಿ ತೆರೆದ. ಇಡೀ ಬೀದಿ ನೋಡುತ್ತಿತ್ತು. ಮುಚ್ಚಿಕೊಂಡ.

ಅಷ್ಟರಲ್ಲಿ ಕಂಬ ಬಿಟ್ಟು ಬಂದ ಜಯರಾಮನ್ ಅವನನ್ನು ಪಕ್ಕಕ್ಕೆ ತಳ್ಳಿ ಮುಂದೆ ನುಗ್ಗಿದ. "ವೈದ್ಯರೇ, ಬರೋ ವರ್ಷ ಪಂದ್ಯಕ್ಕೆ ಮುಂಚೆ ನನ್ನ ಎರಡು ಕಾಲಿಗೂ ಕಟ್ಟಿಬಿಡಿ!"