ಚಿಕ್ಕಪ್ಪನ ಚಪ್ಪಾಳೆ

ನೀವು ಅಂಗಡಿಯನ್ನೋ ಶೆಡ್ಡನ್ನೋ ಬಾಡಿಗೆಗೆ ಹಿಡಿಯಲು ಹೊರಟಿದ್ದರೆ ನನ್ನ ಚಿಕ್ಕಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಿ. ಮರ್ಯಾದೆಯಿಂದ ಬದುಕುವ ಆಸೆ ಇದ್ದರೆ ಇನ್ನೆಲ್ಲಿಗೂ ಕರೆದುಕೊಂಡು ಹೋಗಬೇಡಿ. ಪೀಣ್ಯದಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಘಟಕವೊಂದನ್ನು ಚೌಕಾಸಿಯಿಂದಲೇ ಕಟ್ಟಿದವಳು ನಾನು. ಸಾಮಾನ್ಯವಾಗಿ ಏನನ್ನೂ ಪುಕ್ಕಟೆ ಕೊಡುವುದಿಲ್ಲ. ಈ ಸಲಹೆಯೊಂದನ್ನು ಕೊಡುತ್ತಿದ್ದೇನೆ, ಇಟ್ಟುಕೊಳ್ಳಿ.

ಚಿಕ್ಕಪ್ಪ ಯಾವ ಕಟ್ಟಡದೊಳಗೆ ಕಾಲಿಟ್ಟರೂ ನಟ್ಟನಡುವೆ ನಿಂತು ಒಂದೇ ಒಂದು ಚಪ್ಪಾಳೆ ಹೊಡೆಯುತ್ತಾರೆ. ಆಮೇಲೆ ಕಣ್ಣು ಮುಚ್ಚಿ, ತಲೆ ವಾಲಿಸಿ, ಸದ್ದು ಗೋಡೆಗೆ ಬಡಿದು ವಾಪಸು ಬರುವುದನ್ನು ಕಾಯುತ್ತಾರೆ. ಬಂದರೆ ಮುಖ ಅರಳುತ್ತದೆ. ಬರದಿದ್ದರೆ ಬೇಕಾದವರು ಯಾರೋ ತೀರಿಕೊಂಡಂತೆ ನಿಟ್ಟುಸಿರು ಬಿಡುತ್ತಾರೆ.

ಈಗಿರುವ ಶೆಡ್ ನೋಡಲು ಹೋದ ದಿನವೂ ಹಾಗೆಯೇ ಆಯಿತು. ಚಪ್ಪಾಳೆ, ಮೌನ, ನಿಟ್ಟುಸಿರು. ಮಾಲೀಕ ಗಾಬರಿಯಾದ.

"ಯಾಕೆ ಸಾರ್, ಬಿಲ್ಡಿಂಗಲ್ಲಿ ಏನಾದ್ರೂ ಪ್ರಾಬ್ಲಮ್ಮಾ?"

"ಜೀವ ಇಲ್ಲ ಕಣಯ್ಯಾ ಇದ್ರಲ್ಲಿ" ಅಂದರು ಚಿಕ್ಕಪ್ಪ.

ನಾನು ಗೋಡೆಯನ್ನು ಅನುಮಾನದಿಂದ ನೋಡುತ್ತ ನಿಂತೆ, ಅಷ್ಟೇ. ಮಾಲೀಕ ತಾನಾಗಿಯೇ ಬಾಡಿಗೆ ಇಳಿಸಿದ. ಅಂದಿನಿಂದ ನಾನು ವ್ಯಾಪಾರಕ್ಕೆ ಹೋದಲ್ಲೆಲ್ಲ ಚಿಕ್ಕಪ್ಪ ನನ್ನ ಜೊತೆ. ಬೆಲೆಯ ಗಂಧಗಾಳಿಯಿಲ್ಲದ, ಮುಖದಲ್ಲಿ ದುಃಖವಿರುವ ಒಬ್ಬ ಹಿರಿಯರು ಪಕ್ಕದಲ್ಲಿದ್ದರೆ ಅರ್ಧ ಚೌಕಾಸಿ ಮುಗಿದಂತೆ. ನಾನು ಮಾತಾಡುವಾಗ ಅವರು ಕಣ್ಣು ಮಿಟುಕಿಸದೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನ್ನ ಜಾಣತನಕ್ಕೆ ಮನೆಯಲ್ಲಿ ಒಬ್ಬರಾದರೂ ಮರುಳಾಗಿದ್ದಾರಲ್ಲ ಎಂದು ಹೆಮ್ಮೆಪಡುತ್ತಿದ್ದೆ.

ಹೆಮ್ಮೆ ವೈಟ್‌ಫೀಲ್ಡಿನಲ್ಲಿ ಮುಗಿಯಿತು. ದೊಡ್ಡ ಗಿರಾಕಿಯೊಬ್ಬರ ತಂದೆ ತೀರಿಕೊಂಡಿದ್ದರು. ಮಾತಾಡಿಸಿಕೊಂಡು ಬರಲು ಹೋದೆವು. ಅಮೃತಶಿಲೆಯ ನೆಲ, ಎರಡಾಳೆತ್ತರದ ಛಾವಣಿ, ಬಿಳಿ ಬಟ್ಟೆಯಲ್ಲಿ ತಲೆ ತಗ್ಗಿಸಿ ಕೂತ ಜನ. ಚಿಕ್ಕಪ್ಪನ ಕೈ ಹಿಡಿದುಕೊಳ್ಳೋಣವೆಂದು ತಿರುಗುವಷ್ಟರಲ್ಲಿ, ಫಟ್!

ಎಲ್ಲರೂ ತಿರುಗಿದರು. ಗೋಡೆಗಳು ಆ ಚಪ್ಪಾಳೆಯನ್ನು ಒಂದಕ್ಕೊಂದು ದಾಟಿಸಿಕೊಂಡವು. ಚಿಕ್ಕಪ್ಪ ಧನ್ಯರಾಗಿ, "ಒಳ್ಳೇ ಮನೆ. ಸದ್ದು ಹೋಗೋದೇ ಇಲ್ಲ" ಅಂದರು. ಅಮೃತಶಿಲೆ ಬಿರುಕು ಬಿಟ್ಟಿದ್ದರೆ ಅದರೊಳಗೆ ಇಳಿದುಬಿಡುತ್ತಿದ್ದೆ. ತೀರಿಕೊಂಡವರ ಹೆಂಡತಿ ತಲೆಯೆತ್ತಿ, "ಹೌದಪ್ಪಾ, ಅವ್ರ ಕೆಮ್ಮು ಇನ್ನೂ ಇಲ್ಲೇ ಸುತ್ತುತ್ತಾ ಇದೆ" ಅಂದರು. ಮಗ ಮಾತ್ರ ನನ್ನನ್ನು ಗೇಟಿನವರೆಗೂ ಕಳಿಸಿಕೊಡಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಕೂಗಾಡಿದೆ. ಆಗ ವಿಷಯ ಹೊರಬಿತ್ತು. ಚಿಕ್ಕಪ್ಪ ಹಾಡಿನ ಆಲ್ಬಮ್ ಮಾಡುತ್ತಿದ್ದರು! ಏಳೆಂಟು ನೂರು ವರ್ಷದ ಹಿಂದೆ ಕಲ್ಲು ಮಂಟಪಗಳಲ್ಲಿ ಹೇಗೆ ಹಾಡುತ್ತಿದ್ದರೋ ಹಾಗೆ. ತಂಬೂರಿ ಇಲ್ಲ, ಹಾರ್ಮೋನಿಯಂ ಇಲ್ಲ, ಬರೀ ಗಂಟಲು.

"ಆಗ ಹೆಂಗೆ ಹಾಡ್ತಿದ್ರು ಅಂತ ನೀವು ಕೇಳಿದೀರಾ?"

"ನಾನು ಕೇಳಿಲ್ಲಮ್ಮ. ಕಲ್ಲು ಕೇಳಿದೆ."

"ಸಾಹಿತ್ಯ?"

"ಸಾಹಿತ್ಯ ಯಾಕೆ? 'ಆ' ಇದೆಯಲ್ಲ."

ಜೀವಮಾನವಿಡೀ ಪ್ರೆಸ್ ಶಾಪಿನಲ್ಲಿ ಧಡ್ ಧಡ್ ಎಂದು ಉಕ್ಕಿನ ತಗಡು ಒತ್ತಿ ನಿವೃತ್ತರಾದ ಮನುಷ್ಯ. ಹೆಂಡತಿ ಮಕ್ಕಳಿಲ್ಲ, ಮಾಕಳಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿದ್ದಾರೆ. ಇಂಥವರಿಗೆ ವಾಕಿಂಗ್ ಹೋಗಿ ಎನ್ನಬಹುದು. ಮಧ್ಯಯುಗಕ್ಕೆ ಹೋಗಬೇಡಿ ಎಂದು ಹೇಗೆ ಹೇಳುವುದು?

ಗಾಯಕವೃಂದಕ್ಕೆ ಅವರು ಆರಿಸಿಕೊಂಡದ್ದು ನನ್ನ ಘಟಕದಲ್ಲಿ ಪೆಟ್ಟಿಗೆಗೆ ಅಂಟು ಹಚ್ಚುವ ಇಬ್ಬರು ಹೆಂಗಸರನ್ನು, ಮತ್ತು ರಾಯಚೂರು ಕಡೆಯ ನಮ್ಮ ವಾಚ್‌ಮನ್‌ನನ್ನು. ಊಟದ ಬಿಡುವಿನಲ್ಲಿ ನಾಲ್ವರೂ ಒಂದೇ 'ಆ' ಹಿಡಿದು ನಿಲ್ಲುವರು. ಒಮ್ಮೆ ವಾಚ್‌ಮನ್‌ನನ್ನು ಗೇಟು ತೆಗೆಯಲು ಕರೆದರೆ ಕೈಸನ್ನೆಯಲ್ಲೇ ತಡೆದು, ಆಮೇಲೆ ಬಂದು ಹೇಳಿದ: "ತಪ್ಪು ತಿಳೀಬ್ಯಾಡ್ರಿ ಅಕ್ಕಾರ, ಉಸುರು ಹಿಡಿಯೂ ಪಾಳಿ ನಂದು ನಡದಿತ್ರಿ."

ಕಲ್ಲು ಮಂಟಪವಂತೂ ಪೀಣ್ಯದಲ್ಲಿ ಸಿಗುವುದಿಲ್ಲ. ಸಿಕ್ಕಿದ್ದು ಸಂಪು. ಶೆಡ್ಡಿನ ಹಿಂದೆ ನೆಲದಡಿಯ ನೀರಿನ ತೊಟ್ಟಿಯನ್ನು ಹೊಸದಾಗಿ ಕಟ್ಟಿಸಿದ್ದೆ. ಚಿಕ್ಕಪ್ಪ ಒಳಗಿಳಿದು ಒಂದು ಚಪ್ಪಾಳೆ ಹೊಡೆದವರು ತುಂಬ ಹೊತ್ತು ಮೇಲಕ್ಕೇ ಬರಲಿಲ್ಲ. ಮರುದಿನ ಏಣಿ ಇಟ್ಟುಕೊಂಡು ನಾಲ್ವರೂ ಇಳಿದರು, ಜೊತೆಗೆ ಒಂದು ಫೋನು. ಬೇಸಿಗೆ. ವಾರದಿಂದ ಕಾದು ಗೋಗರೆದ ಮೇಲೆ ಟ್ಯಾಂಕರ್ ಬಂದದ್ದೂ ಆಗಲೇ. ಚಾಲಕ ಪೈಪು ಹಿಡಿದು ಹಿಂದಕ್ಕೆ ಹೋದವನು ಓಡುತ್ತ ವಾಪಸು ಬಂದ.

"ಅಕ್ಕಾ, ಸಂಪ್ ಒಳಗೆ ಯಾರೋ ಅಳ್ತಾವ್ರೆ!"

ನೀರು ಪಕ್ಕದ ಕಾರ್ಖಾನೆಗೆ ಹೋಯಿತು. ನಮ್ಮ ಶೌಚಾಲಯಕ್ಕೆ ನಾನು ಪಕ್ಕದವರಿಂದ ಬಿಂದಿಗೆಯಲ್ಲಿ ನೀರು ಕಡ ತಂದೆ. ಯಾಕೆಂದು ಅವರು ಕೇಳಿದರು. ಮಧ್ಯಯುಗದ ಸಂಗೀತ ಎಂದು ಹೇಳಲು ನಾಚಿಕೆಯಾಗಿ, ಸಂಪು ಸೋರುತ್ತಿದೆ ಎಂದೆ.

ಆಲ್ಬಮ್ ಮುಗಿಯಿತು. ಚಿಕ್ಕಪ್ಪ ನನ್ನನ್ನು ಈವರೆಗೆ ಕೇಳಿದ್ದು ಒಂದೇ ಒಂದು: "ಆಯುಧಪೂಜೆ ದಿನ ಎಲ್ರ ಮುಂದೆ ಒಂದ್ಸಲ ಹಾಕಮ್ಮ. ಪೂರ್ತಿ."

ಆ ದಿನವೇ ಆಗಬೇಕೆ? ವರ್ಷಕ್ಕೊಮ್ಮೆ ಗಿರಾಕಿಗಳೆಲ್ಲ ಬರುವ ದಿನ. ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಯೊಂದರ ಖರೀದಿ ಮ್ಯಾನೇಜರ್ ಬೇರೆ ಬರಲು ಒಪ್ಪಿಕೊಂಡಿದ್ದರು. ಆದರೂ ಹೂಂ ಅಂದೆ. ಹೂಂ ಅನ್ನುವಾಗಲೇ ಉಪಾಯ ಹೊಳೆದಿತ್ತು.

ಹಬ್ಬಕ್ಕೆಂದು ಸಂಪಿನಿಂದ ಹಿಡಿದು ಎಲ್ಲವನ್ನೂ ತೊಳೆಸಿ, ಯಂತ್ರಗಳಿಗೆ ಹೂವೇರಿಸಿದೆವು. ಕುಂಬಳಕಾಯಿ ಒಡೆದಾಯಿತು. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜನರ ಮುಖಗಳು ಕಾಣುವಂತೆ ಮುಂದೆ ಕೂತರು. ಅವರಿಗೆ ಕಾಣುವ ಹಾಗೆ ಫೋನೆತ್ತಿ ಒತ್ತಿದೆ. ಸ್ಪೀಕರಿನಿಂದ ಆ 'ಆ' ಎದ್ದಿತು. ಕೇಸರಿಬಾತ್ ತಿನ್ನುತ್ತಿದ್ದ ಮ್ಯಾನೇಜರ್ ಚಮಚ ನಿಲ್ಲಿಸಿದರು. ನಾನು ಹಿಂದಕ್ಕೆ ಸರಿದು ಸದ್ದು ಇಳಿಸಿದೆ. ಇನ್ನಷ್ಟು ಇಳಿಸಿದೆ. ಕೊನೆಗೆ ನಿಲ್ಲಿಸಿಯೇಬಿಟ್ಟೆ. ಈಗ ಎದ್ದು ಬಂದು ಕೇಳುತ್ತಾರೆ, ಕರೆಂಟು ಹೋಯಿತು ಅನ್ನೋಣ ಎಂದು ಸುಳ್ಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ನಿಂತೆ.

ಚಿಕ್ಕಪ್ಪ ಏಳಲಿಲ್ಲ. ತೊಡೆಯ ಮೇಲೆ ಬೆರಳು ತಾಳ ಹಾಕುತ್ತಿತ್ತು. ಮುಖ ನಗುತ್ತಿತ್ತು. ಒಂದು ಕಡೆ ಹುಬ್ಬೇರಿಸಿ ಎದುರಿನವರನ್ನು ನೋಡಿದರು, ಈಗ ಬರುವುದನ್ನು ಕೇಳಿ ಎನ್ನುವ ಹಾಗೆ.

"ಚಿಕ್ಕಪ್ಪ" ಎಂದು ಹಿಂದಿನಿಂದ ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ.

ಪೀಣ್ಯದಲ್ಲಿ ನಾವೆಲ್ಲ ಯಂತ್ರದ ಮೇಲೆ ದನಿಯೆತ್ತಿ, ಮುಖಕ್ಕೆ ಮುಖ ಕೊಟ್ಟು ಕೂಗಿಯೇ ಮಾತಾಡುವವರು, ಮನೆಯಲ್ಲೂ ಅದೇ ಅಭ್ಯಾಸ. ಯಂತ್ರಗಳು ಸುಮ್ಮನಿದ್ದ ಆ ಒಂದು ದಿನ ಮೆಲ್ಲಗೆ ಕರೆದಿದ್ದೆ. ಪ್ರೆಸ್ ಶಾಪು ಆ ಕಿವಿಗಳನ್ನು ಎಂದೋ ಮುಕ್ಕಾಲು ಪಾಲು ತಿಂದು ಮುಗಿಸಿತ್ತು. ನನ್ನ ಬಾಯಿಯನ್ನೇ ನೋಡುತ್ತಿದ್ದದ್ದು ಜಾಣತನಕ್ಕೆ ಮರುಳಾಗಿ ಅಲ್ಲ. ಊರೆಲ್ಲ ಚಪ್ಪಾಳೆ ಹೊಡೆದುಕೊಂಡು ತಿರುಗಿದ್ದು, ತನ್ನ ದನಿ ತನಗೇ ವಾಪಸು ಸಿಗುವ ಜಾಗ ಎಲ್ಲಾದರೂ ಉಳಿದಿದೆಯೇ ಎಂದು.

ಮತ್ತೆ ಮೊದಲಿನಿಂದ ಹಾಕಿದೆ, ಸ್ಪೀಕರ್ ನಡುಗುವಷ್ಟು ಜೋರಾಗಿ.

"ಏನ್ ಮೇಡಂ ಇದು?" ಮ್ಯಾನೇಜರ್ ಕಿವಿಯ ಹತ್ತಿರ ಬಂದು ಕೂಗಿದರು.

"ನಮ್ಮ ಚಿಕ್ಕಪ್ಪ ಹಾಡಿರೋದು ಸಾರ್. ಕೂತ್ಕೊಳ್ಳಿ, ಇನ್ನೂ ಇದೆ."

ಮುಗಿದ ಮೇಲೆ ಚಿಕ್ಕಪ್ಪನ ಮುಂದೆ ಹೋಗಿ ನಿಂತು ಚಪ್ಪಾಳೆ ಹೊಡೆದೆ. ಚಿಕ್ಕಪ್ಪ ನನ್ನ ಕೈಗಳನ್ನು ನೋಡಿ, ಛಾವಣಿಯ ತಗಡನ್ನು ನೋಡಿ, ತಲೆಯಾಡಿಸಿದರು. "ಇಲ್ಲಿ ಬೇಡಮ್ಮ. ಶೀಟು. ಇಲ್ಲಿ ಕೇಳ್ಸಲ್ಲ."

ಮರುದಿನ ತೊಳೆದ ಸಂಪು ತುಂಬಿಸಲು ಟ್ಯಾಂಕರ್ ಬಂತು. ಚಾಲಕ ಮುಚ್ಚಳದ ಹತ್ತಿರ ಏಣಿ ಕಂಡು ದೂರದಲ್ಲೇ ನಿಂತ. ಚಿಕ್ಕಪ್ಪ ಆಗಲೇ ಕೆಳಗಿದ್ದರು.

"ಅಕ್ಕಾ, ಇವತ್ತೂ ಒಳಗೆ ಯಾರಾದ್ರೂ ಅಳ್ತಾವ್ರಾ?"

"ಇನ್ನೂ ಇಲ್ಲ ಕಣಪ್ಪಾ" ಅಂದೆ, ಸೆರಗು ಸಿಕ್ಕಿಸಿಕೊಂಡು. "ಈಗ ಇಳೀತಾ ಇದೀನಿ."