ಕೆಂಪು ಕಾರಿನ ಕ್ಲಚ್ಚಿಗೆ ಹಿಡಿದ ಗಾಳಿ

ಎಲ್ಲರ ಗ್ಯಾರೇಜಿನಲ್ಲೂ ಗಾಡಿಗಳು ಕೆಟ್ಟು ಬರುತ್ತವೆ, ಸರಿಯಾಗಿ ಹೋಗುತ್ತವೆ. ನನ್ನ ಗ್ಯಾರೇಜಿನಲ್ಲಿ ಮಾತ್ರ ಅವೆರಡರ ನಡುವೆ ಏನಾದರೊಂದು ನಡೆದೇ ನಡೆಯುತ್ತದೆ.

ತಿಪಟೂರಿನಿಂದ ತುರುವೇಕೆರೆ ಕಡೆಗೆ ಹೊರಟರೆ, ಊರು ಮುಗಿದು ತೆಂಗಿನ ತೋಟ ಶುರುವಾಗುವ ಕಡೆ ನನ್ನ ಅಂಗಡಿ. ಮಾಲೀಕನೂ ನಾನೇ, ಮೆಕ್ಯಾನಿಕ್ಕೂ ನಾನೇ, ಬೈಸಿಕೊಳ್ಳುವವನೂ ನಾನೇ. ಬರುವುದೆಲ್ಲ ಕಾಯಿ ಹೊರುವ ಪಿಕಪ್ಪು, ಗೂಡ್ಸ್ ಆಟೋ, ಟ್ರ್ಯಾಕ್ಟರು. ಹೋದ ಚಳಿಗಾಲದಲ್ಲಿ ಒಂದು ವಾರ ಮಾತ್ರ ಬೇರೆ ಥರದ್ದೊಂದು ಬಂತು. ಆ ವಾರವನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಟ್ರ್ಯಾಕ್ಟರ್ ಹಿಂದೆ ಬಂದ ಕಾರು

ಸೋಮವಾರ ಬೆಳಿಗ್ಗೆ ಷಟರ್ ಎತ್ತುತ್ತಿದ್ದೆ. ಒಂದು ಟ್ರ್ಯಾಕ್ಟರು ಬಂದು ನಿಂತಿತು. ಅದರ ಹಿಂದೆ ನಾರಿನ ಹಗ್ಗ, ಹಗ್ಗದ ತುದಿಗೆ ಒಂದು ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಳ್ಳು. ಒಳಗೆ ಸ್ಟೇರಿಂಗ್ ಹಿಡಿದು ಕೂತಿದ್ದವರು ನಮ್ಮ ಕೊಬ್ಬರಿ ಮಂಡಿ ಯಜಮಾನರು. ಅರವತ್ತು ದಾಟಿದೆ, ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಪಂಚೆ.

"ಯಾರ್ದು ಯಜಮಾನ್ರೇ ಇದು?" ಅಂದೆ.

"ಮೊದ್ಲು ನನ್ನ ಹೊರಕ್ಕೆ ಎಳಿ ಕಣಪ್ಪ, ಆಮೇಲೆ ಹೇಳ್ತೀನಿ," ಅಂದರು.

ಎರಡೂ ಕೈ ಹಿಡಿದು ಎಳೆದೆ. ಹೊರಗೆ ಬಂದು ಪಂಚೆ ಸರಿಮಾಡಿಕೊಂಡು, ಹುಡುಗರ ಹಾಗೆ ನಾಚಿಕೊಂಡು, "ನಂದೇ," ಅಂದರು. ಹೈಸ್ಕೂಲಿನಲ್ಲಿದ್ದಾಗ ಕಟಿಂಗ್ ಶಾಪಿನ ಗೋಡೆಯ ಮೇಲೆ ಇಂಥದ್ದೊಂದು ಕಾರಿನ ಚಿತ್ರ ನೋಡಿದ್ದರಂತೆ. ಅವತ್ತಿನಿಂದ ಮನಸ್ಸಿನಲ್ಲೇ ಇತ್ತಂತೆ. "ಮನೇಲಿ ಎಲ್ಲಾರ್ಗೂ ಎಲ್ಲಾನೂ ತಂದೆ. ನನಗೇ ಅಂತ ತಂದಿದ್ದು ಇದೊಂದೇ ಕಣಯ್ಯ." ಸೆಕೆಂಡ್ ಹ್ಯಾಂಡು, ತಂದು ಒಂದು ತಿಂಗಳಾಗಿತ್ತು, ಅಷ್ಟರಲ್ಲಿ ಕ್ಲಚ್ ಕೈಕೊಟ್ಟಿತ್ತು.

ಆದರೆ ಅವರ ಮುಖ ಬಾಡಿದ್ದು ಕ್ಲಚ್ಚಿನಿಂದಲ್ಲ. ಅವರ ಹೆಂಡತಿ ಅಮ್ಮಾವ್ರಿಗೆ ಆ ಕಾರು ಕಂಡರಾಗದು. "ವಯಸ್ಸಾದ ಮೇಲೆ ಆಟದ ಸಾಮಾನು" ಅನ್ನುವುದು ಅವರ ಅಭಿಪ್ರಾಯ. ಅದು ಕೆಟ್ಟು ಅಂಗಳದಲ್ಲಿ ನಿಂತ ಮೇಲಂತೂ ಅವರೇ ಒಬ್ಬ ಗಿರಾಕಿಯನ್ನು ಗೊತ್ತುಮಾಡಿಬಿಟ್ಟಿದ್ದರು. ಶನಿವಾರ ಬರುತ್ತಾನೆ. ಅಷ್ಟರೊಳಗೆ ಗಾಡಿ ಓಡಿದರೆ ಉಳಿಯಿತು, ಇಲ್ಲವಾದರೆ ಹೋಯಿತು.

ನಾನು ಅಂಥ ಕಾರನ್ನು ಅವತ್ತಿನವರೆಗೆ ಮುಟ್ಟಿದವನಲ್ಲ. ಆದರೂ ಯಜಮಾನರ ಕಣ್ಣು ನೋಡಿ ಬಾಯಿ ತಪ್ಪಿ, "ಶನಿವಾರಕ್ಕೆ ಓಡಿಸ್ಕೊಡ್ತೀನಿ, ನನ್ ಮೇಲೆ ಬುಡಿ," ಅಂದುಬಿಟ್ಟೆ.

ಟ್ರ್ಯಾಕ್ಟರ್ ಓಡಿಸಿಕೊಂಡು ಬಂದವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಹಗ್ಗ ಬಿಚ್ಚಾನಾ, ಇಲ್ಲ ಹಂಗೇ ಇರ್ಲಾ?"

ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇದೆ

ಹಳೇ ಗಾಡಿಗಳಲ್ಲಿ ಕ್ಲಚ್ಚಿಗೆ ಒಂದು ಕೇಬಲ್ ಇರುತ್ತದೆ. ಇದಕ್ಕೆ ಕೇಬಲ್ ಇಲ್ಲ, ಎಣ್ಣೆ. ನೀವು ಪೆಡಲ್ ತುಳಿದರೆ ಮೇಲಿನ ಸಿಲಿಂಡರಿನಿಂದ ಎಣ್ಣೆ ಪೈಪಿನಲ್ಲಿ ಹೋಗಿ ಕೆಳಗಿನ ಸಿಲಿಂಡರನ್ನು ತಳ್ಳುತ್ತದೆ, ಅದು ಕ್ಲಚ್ಚನ್ನು ಬಿಡಿಸುತ್ತದೆ. ಇಷ್ಟೇ. ಎಣ್ಣೆ ಅಂದರೆ ನಾವು ಬ್ರೇಕ್ ಆಯಿಲ್ ಅನ್ನುತ್ತೇವಲ್ಲ, ಅದು.

ಅವತ್ತು ಬೆಳಿಗ್ಗೆ ಪೆಡಲ್ ತುಳಿದರೆ ಕಲ್ಲು. ಕಷ್ಟಪಟ್ಟು ಒತ್ತಿದರೆ ಒಳಗೇ ಉಳಿಯಿತು, ಮೇಲೆ ಬರಲಿಲ್ಲ. ಬಾನೆಟ್ ತೆಗೆದು ಬಿಸಿಲಿಗೆ ಬಿಟ್ಟು, ಬೇರೆ ಕೆಲಸ ನೋಡಿಕೊಂಡು ಮಧ್ಯಾಹ್ನ ಬಂದು ತುಳಿದೆ. ಸಲೀಸಾಗಿ ಹೋಯಿತು, ಸಲೀಸಾಗಿ ಬಂತು. ನಾನು ಏನೂ ಮಾಡಿರಲಿಲ್ಲ. ಆದರೂ ಯಜಮಾನರಿಗೆ ಫೋನ್ ಮಾಡಿ, "ರೆಡಿ" ಅಂದೆ. ಬಂದು ಬೆನ್ನು ತಟ್ಟಿ ಓಡಿಸಿಕೊಂಡು ಹೋದರು.

ಮಂಗಳವಾರ ಬೆಳಿಗ್ಗೆ ಮತ್ತೆ ಟ್ರ್ಯಾಕ್ಟರು, ಮತ್ತೆ ಹಗ್ಗ. ಮಧ್ಯಾಹ್ನಕ್ಕೆ ಮತ್ತೆ ಸರಿ. ಅದನ್ನು ನೋಡುತ್ತಿದ್ದ ಪಕ್ಕದ ಅಂಗಡಿಯವರು, "ಅದಕ್ಕೆ ಗಾಳಿ ಸೋಕೈತೆ ಕಣ್ಲಾ, ಒಂದು ನಿಂಬೆಹಣ್ಣು ಕಟ್ಟು," ಅಂದರು. ನಾನು ಕಟ್ಟಲಿಲ್ಲ ಅಂತ ಹೇಳಿಕೊಳ್ಳಬಹುದು. ಕಟ್ಟಿದ್ದೆ.

ಬುಧವಾರ ಮೂರನೇ ಸಲ ಟ್ರ್ಯಾಕ್ಟರು ಬಂದಾಗ ಬಿಸಿಲಿಗೆ ಬಿಡದೆ, ಚಳಿ ಇರುವಾಗಲೇ ಕ್ಲಚ್ಚಿನ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಬೆಳ್ಳಗೆ ತುಪ್ಪದ ಹಾಗೆ ಗಟ್ಟಿಯಾಗಿ ಏನೋ ಕೂತಿತ್ತು. ಬೆರಳಿನಲ್ಲಿ ಕೆರೆದು ಮೂಸಿದೆ. ನಮ್ಮ ಸೀಮೆಯಲ್ಲಿ ಹುಟ್ಟಿದವನಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

"ಯಜಮಾನ್ರೇ, ಇದಕ್ಕೆ ಕೊಬ್ಬರಿ ಎಣ್ಣೆ ಹಾಕಿದ್ದು ಯಾರು?"

"ನಾನೇ ಕಣಪ್ಪ. ಎಣ್ಣೆ ಕಮ್ಮಿ ಆಗಿತ್ತು."

"ಅದಕ್ಕೆ ಕೊಬ್ಬರಿ ಎಣ್ಣೆ ಹಾಕೋದಾ? ಚಳಿಗೆ ಗಟ್ಟಿಯಾಗುತ್ತೆ, ಬಿಸಿಲಿಗೆ ಕರಗುತ್ತೆ. ಮೂರು ದಿನದಿಂದ ನನಗೆ ಹುಚ್ಚು ಹಿಡಿಸ್ತಲ್ಲಾ!"

ಯಜಮಾನರಿಗೆ ಸಿಟ್ಟು ಬಂತು. ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದ ಮನುಷ್ಯ. "ಅಂಗಡಿ ಎಣ್ಣೆ ಹಾಕಿದ್ರೆ ನೀನು ಅನ್ನಬೋದಾಗಿತ್ತು. ಇದು ನಮ್ಮ ತೋಟದ ಕೊಬ್ಬರೀದು, ಎದುರಿಗೇ ನಿಂತು ಗಾಣ ಆಡಿಸಿದ್ದು. ಒಂದು ತೊಟ್ಟು ಕಲಬೆರಕೆ ತೋರ್ಸು ನೋಡಾನ!"

ಹುಳಿಯಾರಿನ ಡ್ರಮ್ಮು

ಎಣ್ಣೆ ತೆಗೆದರೆ ಮುಗಿಯುತ್ತಿರಲಿಲ್ಲ. ಆ ಸಿಲಿಂಡರುಗಳ ಒಳಗಿನ ರಬ್ಬರುಗಳು ಬ್ರೇಕ್ ಆಯಿಲ್ಲಿಗೆ ಮಾತ್ರ ಒಗ್ಗುವಂಥವು. ಕೊಬ್ಬರಿ ಎಣ್ಣೆ ಕುಡಿದು ನೆನೆಸಿಟ್ಟ ಕಡಲೆಕಾಳಿನ ಹಾಗೆ ಊದಿಕೊಂಡಿದ್ದವು. ಹೊಸ ರಬ್ಬರ್ ಕಿಟ್ಟಿಗೆ ಬೆಂಗಳೂರಿಗೆ ಫೋನ್ ಮಾಡಿದೆ. ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸುತ್ತೇವೆ, ನಾಳೆ ಬರುತ್ತೆ ಅಂದರು.

ಗುರುವಾರ ಬಸ್ಸು ಬಂತು, ಪೊಟ್ಟಣ ಬರಲಿಲ್ಲ. ವಿಚಾರಿಸಿದರೆ, ಅದನ್ನು ಹುಳಿಯಾರಿನ ಬಸ್ಸಿಗೆ ಕೊಟ್ಟಿದ್ದರು. ಅಲ್ಲಿನ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಇಳಿಸಿ ಹೋಗಿದ್ದಾರಂತೆ. ಬೈಕ್ ಹತ್ತಿ ಹೊರಟೆ. ದಾರಿಯುದ್ದಕ್ಕೂ ಶನಿವಾರಕ್ಕೆ ಎಷ್ಟು ಗಂಟೆ ಉಳಿಯಿತು ಅಂತ ಎಣಿಸಿಕೊಂಡೇ ಹೋದೆ.

ಟೀ ಅಂಗಡಿಯವರು ಒಳ್ಳೆಯ ಮನುಷ್ಯ. ಕೂರಿಸಿ, ಟೀ ಕೊಟ್ಟು, ಪೊಟ್ಟಣ ಕೊಟ್ಟರು. ಕವರ್ ಹರಿದಿತ್ತು. ಎಣಿಸಿದರೆ ಒಂದು ರಬ್ಬರ್ ಕಮ್ಮಿ.

"ಒಂದಿಲ್ವಲ್ಲಣ್ಣ?"

ಅವರು ಸಂಕೋಚವಿಲ್ಲದೆ ಅಂಗಡಿ ಮುಂದಿನ ನೀರಿನ ಡ್ರಮ್ಮಿನ ಕಡೆ ಕೈ ತೋರಿಸಿದರು. "ಆರು ತಿಂಗಳಿಂದ ನಲ್ಲಿ ಸೋರ್ತಿತ್ತು ಕಣ್ರೀ. ಕವರ್ ಹರಿದು ಉಂಗುರ ಕಾಣ್ತು, ಹಾಕಿ ನೋಡ್ದೆ. ಮಾಡಿಸಿಟ್ಟಂಗೆ ಕೂತ್ಕಂಡೈತೆ. ಒಂದು ಹನಿ ಸೋರ್ತಿಲ್ಲ ನೋಡಿ!"

ಅದನ್ನು ಬಿಚ್ಚಿ ತೆಗೆಯುವಾಗ ನನಗೇ ಪಾಪ ಅನಿಸಿತು. ತೆಗೆದ ಕೂಡಲೇ ನಲ್ಲಿ ಮತ್ತೆ ತೊಟ್ಟಿಕ್ಕತೊಡಗಿತು. ಅದು ಯಾವ ಗಾಡಿಯದು ಅಂತ ಕೇಳಿದರು. ಮಂಡಿ ಯಜಮಾನರ ಸ್ಪೋರ್ಟ್ಸ್ ಕಾರಿನದು ಅಂದೆ.

"ಆ ಕಾರು ವಾರಕ್ಕೆ ಒಂದ್ಸಲ ಓಡ್ಬೋದು," ಅಂದರು ಬೇಸರದಿಂದ, "ನಮ್ ಡ್ರಮ್ಮು ದಿನಾ ಓಡುತ್ತೆ."

ದರ್ಜಿಯ ಕಾಲು

ಶುಕ್ರವಾರ ಬೆಳಿಗ್ಗೆಯೇ ಪೈಪುಗಳನ್ನೆಲ್ಲ ತೊಳೆದು, ಹೊಸ ರಬ್ಬರ್ ಹಾಕಿ, ಬ್ರೇಕ್ ಆಯಿಲ್ ತುಂಬಿದೆ. ಇನ್ನು ಉಳಿದದ್ದು ಏರ್ ತೆಗೆಯುವ ಕೆಲಸ. ಪೈಪಿನೊಳಗೆ ಒಂದಿಷ್ಟು ಗಾಳಿ ಉಳಿದರೂ ಪೆಡಲ್ ಹತ್ತಿಯ ದಿಂಬು ತುಳಿದ ಹಾಗೆ ಒಳಗೆ ಹೋಗುತ್ತದೆ, ಕ್ಲಚ್ ಬಿಡುವುದಿಲ್ಲ.

ಇದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಮೂರು ಸಲ ತುಳಿದು ಒತ್ತಿ ಹಿಡಿದುಕೊಳ್ಳಬೇಕು. ಕೆಳಗೆ ಮಲಗಿದವನು ಸಿಲಿಂಡರಿನ ನಿಪ್ಪಲ್ ಅನ್ನುವ ಸಣ್ಣ ತಿರುಪನ್ನು ಸಡಿಲಿಸಿದರೆ ಗುಳ್ಳೆ ಗುಳ್ಳೆಯಾಗಿ ಗಾಳಿ ಬರುತ್ತದೆ. ನಿಪ್ಪಲ್ ಬಿಗಿಮಾಡಿದ ಮೇಲೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಹೋದ ಗಾಳಿ ತಿರುಗಿ ಒಳಗೆ.

ಎದುರಿನ ದರ್ಜಿಯನ್ನು ಕರೆದೆ. ಕಾಲಿನಲ್ಲಿ ತುಳಿಯುವ ಹೊಲಿಗೆ ಮಷಿನ್ನಿನಲ್ಲಿ ಮೂವತ್ತು ವರ್ಷ ಸವೆಸಿದವನು. ಅವನಿಗಿಂತ ಒಳ್ಳೆಯ ಕಾಲು ಈ ಬೀದಿಯಲ್ಲಿ ಇಲ್ಲ ಅನ್ನುವುದು ನನ್ನ ಲೆಕ್ಕ. ಕಾರಿನೊಳಗೆ ಕೂತು, "ಹೂಂ, ಶುರು ಮಾಡ್ಲಾ," ಅಂದ.

ನಾನು ಕೆಳಗಿಂದ, "ತುಳಿ," ಅಂದೆ. ತುಳಿದ. "ಹಿಡ್ಕೊ," ಅಂದೆ. ನಿಪ್ಪಲ್ ಸಡಿಲಿಸಿದೆ. ಮೇಲೆ ಚಟಚಟ ಚಟಚಟ ಅಂತ ಕಾಲು ನಡೆದೇ ಇತ್ತು. ಮುಖದ ಮೇಲೆಲ್ಲ ಎಣ್ಣೆ.

"ಹಿಡ್ಕೊ ಅಂದೆನಲ್ಲೋ!"

"ಹಿಡ್ದಿದೀನಿ ಕಣ್ಲಾ!" ಅವನಿಗೇ ಗೊತ್ತಿಲ್ಲದೆ ಪಾದ ತುಳಿಯುತ್ತಿತ್ತು. ಒಂದು ಗಂಟೆ ಹೀಗೇ ಆಯಿತು. ಕೊನೆಗೆ ನೋಡಿದರೆ ಶುರು ಮಾಡಿದಾಗ ಇದ್ದದ್ದಕ್ಕಿಂತ ಹೆಚ್ಚು ಗಾಳಿ ತುಂಬಿಕೊಂಡಿತ್ತು.

ನಾನು ಹೊರಗೆ ಬಂದು ಬಾಯಿಗೆ ಬಂದ ಹಾಗೆ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, "ಏನ್ ಮಾಡ್ಲಿ, ನಮ್ ಕಸುಬಲ್ಲಿ ಮಧ್ಯೆ ಕಾಲು ನಿಲ್ಲಿಸಿದ್ರೆ ದಾರ ಕಿತ್ತೋಗುತ್ತೆ," ಅಂದ.

ಸುಮ್ಮನೆ ಕೂತದ್ದು

ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಟಿಲ್ಲರ್ ರಿಪೇರಿಗೆ ತಂದಿದ್ದ ದಂಡಿನಶಿವರದ ಕಡೆಯ ರೈತರೊಬ್ಬರು ಬೆಂಚಿನ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ನಿಧಾನಕ್ಕೆ ಕೇಳಿದರು: "ಪೈಪಲ್ಲಿ ಗಾಳಿ ಸಿಕ್ಕಂಡದಾ?"

"ಹೂಂ ಗೌಡ್ರೇ."

"ನಮ್ ಡ್ರಿಪ್ ಪೈಪಲ್ಲೂ ಸಿಕ್ಕಂತದೆ. ನಾವು ಕೆಳಗಿನ ತುದಿ ಬಿಚ್ಚಿ, ಮೇಲಿನ ತೊಟ್ಟಿ ತುಂಬಿ ಇಟ್ಕಂಡು, ಮರದ ಕೆಳಗೆ ಕೂತ್ಕತೀವಿ. ನೀರು ಇಳೀತಾ ಇಳೀತಾ ತಾನೇ ತಳ್ಕಂಡು ಹೋಯ್ತದೆ. ನೀವು ಅದಕ್ಕೆ ಒದ್ದಷ್ಟೂ ಅದು ಹೆದರಿ ಮೂಲೆ ಸೇರ್ಕತದೆ."

ಬೇರೆ ದಾರಿ ಇರಲಿಲ್ಲ. ನಿಪ್ಪಲ್ಲಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಎಣ್ಣೆ ತುಂಬಿದ ಬಾಟಲಿಗೆ ಮುಳುಗಿಸಿ, ಒಂದು ಸುತ್ತು ಸಡಿಲಿಸಿದೆ. ಮೇಲಿನ ಡಬ್ಬಿ ಬರಿದಾಗದ ಹಾಗೆ ಬ್ರೇಕ್ ಆಯಿಲ್ ಸುರಿಯುತ್ತಾ ಕೂತೆವು. ಗೌಡರು ಬುತ್ತಿ ಬಿಚ್ಚಿದರು, ನನಗೂ ಮುದ್ದೆ ಮುರಿದು ಕೊಟ್ಟರು. ಬಾಟಲಿಯೊಳಗೆ ಒಂದೊಂದೇ ಗುಳ್ಳೆ ಬರುತ್ತಿತ್ತು. ಊಟ ಮುಗಿಯುವ ಹೊತ್ತಿಗೆ ಗುಳ್ಳೆ ನಿಂತಿತು.

ನಿಪ್ಪಲ್ ಬಿಗಿಮಾಡಿ, ಒಳಗೆ ಕೂತು, ದೇವರನ್ನು ನೆನೆದು ಪೆಡಲ್ ಒತ್ತಿದೆ. ಗಟ್ಟಿಯಾಗಿ ಹೋಯಿತು. ಗಟ್ಟಿಯಾಗಿ ಮೇಲೆ ಬಂದು ನನ್ನ ಪಾದವನ್ನು ಎತ್ತಿತು. ಗೇರ್ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿತ್ತು. ಎದೆಯ ಮೇಲಿದ್ದ ಬಂಡೆ ಇಳಿದ ಹಾಗಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಕಣ್ಣು ತುಂಬಿ ಬಂತು. ಗೌಡರ ಕೈ ಹಿಡಿದುಕೊಂಡು, "ಹದಿನೆಂಟು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ನನಗೆ ಹೊಳೀಲಿಲ್ಲ ನೋಡಿ," ಅಂದೆ.

"ಸುಮ್ನೆ ಕೂರೋದು ಎಲ್ಲಾರ್ಗೂ ಬರಲ್ಲ ಬುಡಪ್ಪ," ಅಂದರು ಗೌಡರು. "ನಮ್ ಮನೇಲಿ ಅದಕ್ಕೇ ದಿನಾ ಬೈತಾರೆ."

ಶನಿವಾರ

ಶನಿವಾರ ಹನ್ನೊಂದಕ್ಕೆ ಎಲ್ಲರೂ ಗ್ಯಾರೇಜಿಗೇ ಬಂದರು. ಯಜಮಾನರು ಬಂದರು, ಕೊಳ್ಳುವವನು ಬಂದ, ಜೊತೆಗೆ ಅಮ್ಮಾವ್ರೂ ಬಂದರು. ನಾನು ಎದೆ ಉಬ್ಬಿಸಿ, "ಕ್ಲಚ್ ಸರಿಯಾಯ್ತು ಅಮ್ಮಾವ್ರೇ, ಓಡುತ್ತೆ," ಅಂದೆ.

"ಸೋಮವಾರಾನೂ ಹಂಗೇ ಅಂದಿದ್ರಂತಲ್ಲ," ಅಂದರು ಅವರು. "ನಿಮ್ಮಿಬ್ಬರ ಮಾತೂ ನಂಗೆ ಬೇಡ. ಕೀ ಕೊಡಿ, ನಾನೇ ನೋಡ್ತೀನಿ."

ತೋಟದೊಳಗೆ ಕಾಯಿ ತುಂಬಿದ ಪಿಕಪ್ಪನ್ನು ಮರದ ಸಾಲಿನ ಸಂದಿಯಲ್ಲಿ ಹಿಂದಕ್ಕೆ ತೆಗೆಯುವ ಹೆಂಗಸು ಅವರು. ಅದು ಎಲ್ಲರಿಗೂ ಗೊತ್ತು. ಆದರೂ ಈ ಕಾರನ್ನು ಅವರೇ ಓಡಿಸಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರ ಕೈಯೂ ಹಿಡಿಯದೆ ಒಳಗೆ ಕೂತರು. ಕ್ಲಚ್ ಒತ್ತಿದರು, ಗೇರ್ ಹಾಕಿದರು, ಹೋದರು.

ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಅಮ್ಮಾವ್ರಿಗೆ ಫೋನ್ ಮಾಡಿದರೆ ಅದು ಯಜಮಾನರ ಜೇಬಿನಲ್ಲೇ ಬಡಿದುಕೊಂಡಿತು. ಅವರ ಫೋನೂ ಯಜಮಾನರ ಹತ್ತಿರವೇ ಇತ್ತು. "ಮತ್ತೆ ಎಲ್ಲೋ ನಿಂತೋಯ್ತೇನಯ್ಯಾ," ಅಂತ ಯಜಮಾನರು ರಸ್ತೆಗೂ ಬೆಂಚಿಗೂ ಓಡಾಡಿದರು. ಅಮ್ಮಾವ್ರ ಚಪ್ಪಲಿ ಇನ್ನೂ ನನ್ನ ಕೈಯಲ್ಲೇ ಇತ್ತು.

ಒಂದೂವರೆ ಗಂಟೆ ಆದಮೇಲೆ ತೆಂಗಿನ ಸಾಲಿನ ಆ ಕಡೆಯಿಂದ ಕೆಂಪಗೆ ಕಾಣಿಸಿತು. ಬಂದು ನನ್ನ ಮುಂದೆ ನಿಂತಿತು.

"ತುರುವೇಕೆರೆ ತಂಕ ಹೋಗಿದ್ದೆ," ಅಂದರು ಅಮ್ಮಾವ್ರು. ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು, ವಯಸ್ಸು ಹತ್ತು ವರ್ಷ ಇಳಿದಿತ್ತು. "ಹಂಪ್ ಬಂದ್ರೆ ಕ್ಲಚ್ ಅರ್ಧ ಹಿಡ್ಕಂಡು ಓರೆಯಾಗಿ ಹತ್ತಿಸ್ಬೇಕು. ಒಂದಕ್ಕೂ ತಳ ತಾಗ್ಲಿಲ್ಲ." ಆಮೇಲೆ ಕೊಳ್ಳಲು ಬಂದವನ ಕಡೆ ತಿರುಗಿ, "ಗಾಡಿ ಕೊಡಲ್ಲ ಕಣಪ್ಪ. ಮನೆಗೆ ಬಂದು ಊಟ ಮಾಡ್ಕಂಡು ಹೋಗು," ಅಂದರು.

ಯಜಮಾನರು ನನ್ನನ್ನು ತಬ್ಬಿಕೊಂಡೇಬಿಟ್ಟರು. ಕಣ್ಣು ಒರೆಸಿಕೊಂಡು ಕೀಗೆ ಕೈ ಚಾಚಿದರು. ಅಮ್ಮಾವ್ರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು.

"ನಾಳೆ ತಂಗೀನ ಕರ್ಕಂಡು ಹೋಗ್ಬೇಕು," ಅಂದರು.

"ನಾನೂ ಬತ್ತೀನಿ ಕಣೇ."

"ಇರೋದು ಎರಡೇ ಸೀಟು. ನೀವು ಬಂದ್ರೆ ತಂಗಿ ಎಲ್ಲಿ ಕೂರ್ತಾಳೆ?"

ಆಮೇಲೆ ಮೂರು ವಾರ ಆ ಕಾರು ನನ್ನ ಗ್ಯಾರೇಜಿನ ಮುಂದೆ ಹೋಗುತ್ತಾ ಬರುತ್ತಾ ಇತ್ತು. ಪಕ್ಕದ ಸೀಟಿನಲ್ಲಿ ಒಂದು ದಿನ ತಂಗಿ, ಒಂದು ದಿನ ಬೀಗಿತ್ತಿ, ಒಂದು ದಿನ ತರಕಾರಿ ಚೀಲ. ಯಜಮಾನರು ಒಮ್ಮೆಯೂ ಕಾಣಲಿಲ್ಲ. ನಾನು ಮಾಡಿದ ಕೆಲಸ ಬಾಳಿತು, ಮಾತು ಉಳಿಯಿತು, ಅಂತ ನಾನು ನೆಮ್ಮದಿಯಾಗಿದ್ದೆ.

ನಾಲ್ಕನೇ ವಾರ ಒಂದು ಮಧ್ಯಾಹ್ನ ಯಜಮಾನರು ಗೂಡ್ಸ್ ಆಟೋದಲ್ಲಿ ಕೊಬ್ಬರಿ ಚೀಲಗಳ ಪಕ್ಕ ಕೂತುಕೊಂಡು ಬಂದಿಳಿದರು. ಬೆಂಚಿನ ಮೇಲೆ ಕೂತರು. ಟೀ ಕುಡಿದರು. ಆ ಕಡೆ ಈ ಕಡೆ ಯಾರೂ ಇಲ್ಲ ಅಂತ ನೋಡಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು:

"ಆ ಗಾಳಿ ತೆಗ್ದೆಯಲ್ಲಪ್ಪ... ಅದನ್ನ ತಿರುಗಾ ಒಂಚೂರು ತುಂಬಕ್ಕಾಗುತ್ತಾ?"