ಚರಗಕ್ಕೆ ಬಂದ ಕಾರು

ಐವತ್ತು ದಾಟಿದ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ವೈರಾಗ್ಯ ಬರುತ್ತದೆ. ನನಗೆ ಕಾರಿನ ಹುಚ್ಚು ಬಂತು. ಅದೂ ಸಾಮಾನ್ಯ ಕಾರಿನದಲ್ಲ. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ಹೆಂಡತಿ ಗಿರಿಜಾಗೆ ಓದಲು ಬರುತ್ತದೆ. ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಅರ್ಧ ಪುಟದ ಚಿತ್ರ ಕಂಡೆ. ಹೆಸರಾಂತ ಕಂಪನಿಯೊಂದು ತನ್ನ ಐಷಾರಾಮಿ ಕಾರನ್ನು ಮೂಗಿನಿಂದ ಬಾಲದವರೆಗೆ ಹೊಸದಾಗಿ ರೂಪಿಸಿತ್ತು. ದೀಪಗಳು ನಿದ್ದೆಗಣ್ಣಿನಂತೆ ಸಣ್ಣಗಾಗಿದ್ದವು. ಬಾಗಿಲ ಹಿಡಿಕೆಗಳು ಮೈಯೊಳಗೆ ಅಡಗಿ, ಮಾಲೀಕ ಹತ್ತಿರ ಬಂದಾಗ ಮಾತ್ರ ಹೊರಗೆ ಬರುತ್ತಿದ್ದವಂತೆ. ಚಾವಣಿಯ ತುಂಬ ಗಾಜು. ಹಳೆಯ ಮಾದರಿಯನ್ನು ಕೊಳ್ಳಬೇಕೆಂದು ನಾನು ಕನಸಿನಲ್ಲೂ ಅಂದುಕೊಂಡವನಲ್ಲ. ಆದರೂ ಚಿತ್ರ ನೋಡಿದ ಕೂಡಲೇ, 'ಸದ್ಯ, ಹಳೆಯದನ್ನು ತಗೊಳ್ಳದೆ ಕಾದಿದ್ದು ಒಳ್ಳೆಯದಾಯಿತು' ಎಂದು ಸಮಾಧಾನಪಟ್ಟುಕೊಂಡೆ. ಹುಚ್ಚು ಹಿಡಿದಿದೆ ಎನ್ನಲು ಇದಕ್ಕಿಂತ ಬೇರೆ ಲಕ್ಷಣ ಬೇಡ.

ನಾನು ಸಿಂದಗಿಯಲ್ಲಿ ವಕೀಲ. ಮೂವತ್ತು ವರ್ಷಗಳಿಂದ ಬದುವಿನ ವ್ಯಾಜ್ಯ, ಬಾವಿಯ ವ್ಯಾಜ್ಯ, ಬೇವಿನ ಗಿಡ ಯಾರದೆಂಬ ವ್ಯಾಜ್ಯಗಳಲ್ಲಿ ಬದುಕು ಸಾಗಿಸಿದ್ದೇನೆ. ಮಗಳ ಮದುವೆಯಾಗಿದೆ, ಮನೆ ಕಟ್ಟಿಯಾಗಿದೆ, ಹಾಗಾಗಿ ಕಾರು ಕೊಂಡರೆ ಬೀದಿಗೆ ಬೀಳುವ ಭಯವಿರಲಿಲ್ಲ. ಭಯವಿದ್ದುದು ಬೇರೆಯದಕ್ಕೆ. ಇಂಥ ಕಾರಿನಿಂದ ಇಳಿದ ನನ್ನನ್ನು ನೋಡಿ ಜನ ಏನನ್ನುತ್ತಾರೆ ಎಂಬುದೊಂದು, ಏನೂ ಅನ್ನದೇ ಹೋದರೆ ಗತಿಯೇನು ಎಂಬುದು ಇನ್ನೊಂದು. ಬಾರ್ ರೂಮಿನಲ್ಲಿ ಮೆಲ್ಲಗೆ ವಿಷಯ ತೆಗೆದೆ. ಬಸವನ ಬಾಗೇವಾಡಿ ಕಡೆಯ ಹಿರಿಯ ವಕೀಲರೊಬ್ಬರು ಚಹದ ಕಪ್ಪು ಕೆಳಗಿಟ್ಟು ಹೇಳಿದರು: "ತಗೋರಿ, ಬ್ಯಾಡ ಅನ್ನೂದಿಲ್ಲ. ಆದ್ರ ಸೋತ ಕಕ್ಷಿದಾರ ಆ ಗಾಡಿ ನೋಡಿದ್ರ ಎದುರು ಪಾರ್ಟಿ ಕೊಡಿಸ್ಯಾರ ಅಂತಾನ. ಗೆದ್ದಾಂವ ನೋಡಿದ್ರ ನಮ್ಮ ಫೀಸಿನ್ಯಾಗ ತಗೊಂಡಾರ ಅಂತಾನ." ಅವರು ಸಲಹೆ ಕೊಟ್ಟರೋ ತೀರ್ಪು ಕೊಟ್ಟರೋ ತಿಳಿಯದೆ ಎದ್ದು ಬಂದೆ.

ಅನುಭವಸ್ಥರನ್ನೇ ಕೇಳೋಣವೆಂದು ಚಡಚಣದಲ್ಲಿರುವ ಗಿರಿಜಾಳ ಅಣ್ಣನ ಮನೆಗೆ ಹೋದೆ. ಅವರು ಒಣದ್ರಾಕ್ಷಿ ವ್ಯಾಪಾರಿ. ಎರಡು ವರ್ಷದ ಹಿಂದೆಯೇ ಅಂಥದೊಂದು ಕಾರು ತಂದವರು. ನಾನು ಹೋದಾಗ ಮನೆಯಲ್ಲಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಳೆಯ ಮೋಟಾರ್‌ಸೈಕಲ್ಲಿನಲ್ಲಿ ಬಂದಿಳಿದರು. "ಕಾರು ಎಲ್ರಿ ಮಾವಾರ?" ಎಂದೆ. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ತಾಡಪಾಲಿನ ಒಂದು ಮೂಲೆಯನ್ನು ಬಾಣಂತಿಯ ಕೋಣೆಯಲ್ಲಿ ಕೂಸಿನ ಮುಖ ತೋರಿಸುವ ಹಾಗೆ ಎತ್ತಿ ತೋರಿಸಿ, ಮತ್ತೆ ಮುಚ್ಚಿದರು. "ಹೊರಗ ತಗದ್ರ ಧೂಳಾಕ್ಕೈತ್ರಿ. ಅದಕ್ಕ ಮೋಟಾರ್‌ಸೈಕಲ್ ಇಟ್ಟೇನಿ" ಎಂದರು. ಮುಖದಲ್ಲಿ ಕೊಂಚವೂ ವಿಷಾದವಿರಲಿಲ್ಲ. ಎರಡು ವರ್ಷ ಅವರು ಕಾರನ್ನು ಅಷ್ಟು ಚೆನ್ನಾಗಿ ಕಾಪಾಡಿದ್ದರು. ನಾನಾದರೆ ಹೀಗೆ ಮಾಡುವುದಿಲ್ಲ, ದಿನವೂ ಓಡಿಸುತ್ತೇನೆ ಎಂದು ದಾರಿಯುದ್ದಕ್ಕೂ ನನಗೇ ಮಾತು ಕೊಟ್ಟುಕೊಳ್ಳುತ್ತ ಬಂದೆ.

ಕೊನೆಗೆ ಧೈರ್ಯ ಮಾಡಿ ಹುಬ್ಬಳ್ಳಿಯ ಶೋರೂಮಿಗೆ ಫೋನ್ ಮಾಡಿದೆ. ಸುಷ್ಮಾ ಎಂಬ ಹೆಣ್ಣುಮಗಳು ಮಾತಾಡಿದಳು. ಮೈಸೂರಿನ ಕಡೆಯ ಮೆದು ಕನ್ನಡ. "ನೀವು ಬರೋದೇ ಬೇಡ ಸಾರ್, ಗಾಡೀನೇ ನಿಮ್ಮ ಮನೆ ಬಾಗಿಲಿಗೆ ತರ್ತೀನಿ. ಓಡಿಸಿ ನೋಡಿ, ಆಮೇಲೆ ಮಾತಾಡೋಣ" ಎಂದಳು. ಡೈರಿ ತೆಗೆದು ಯಾವ ದಿನ ಕೋರ್ಟಿಗೆ ಹೋಗುವುದಿಲ್ಲ ಎಂದು ಹುಡುಕಿ ಅದೇ ದಿನ ಬರಹೇಳಿದೆ. ಆ ದಿನ ಏಕೆ ಹೋಗುವುದಿಲ್ಲ ಎಂಬುದನ್ನು ಮಾತ್ರ ನೋಡಲಿಲ್ಲ. ಗಿರಿಜಾ ಹಣೆ ಚಚ್ಚಿಕೊಂಡಳು. "ಅವತ್ತ ಎಳ್ಳ ಅಮಾಸಿ ಐತ್ರಿ! ಚರಗಾ ಚೆಲ್ಲಾಕ ಹೊಲಕ್ಕ ಹೋಗೂದು ಬಿಟ್ಟು ಕಾರು ನೋಡ್ಕೋತ ಕುಂಡ್ರತೀರೇನು?" ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಫಲ ತುಂಬಿದ ಭೂಮಿತಾಯಿಗೆ ಉಣ್ಣಿಸುವ ದಿನ ಅದು. ಬೆಳೆಯ ನಡುವೆ ಅನ್ನ, ಕಡಬು, ಪಲ್ಯ ಚೆಲ್ಲುವುದೇ ಚರಗ. ಅದನ್ನು ತಪ್ಪಿಸಿದರೆ ಅವ್ವ ನನ್ನನ್ನು ಮನೆಯಿಂದಲೇ ತಪ್ಪಿಸುತ್ತಾಳೆ.

ಆ ದಿನ ಹನ್ನೊಂದರ ಹೊತ್ತಿಗೆ ನಾನು ಸ್ನಾನ ಮಾಡುತ್ತಿದ್ದೆ. ಬಾಗಿಲಲ್ಲಿ ತೆಂಗಿನಕಾಯಿ ಒಡೆದ ಸದ್ದು ಕೇಳಿತು. ಅವಸರದಲ್ಲಿ ಧೋತರ ಸುತ್ತಿಕೊಂಡು ಹೊರಗೆ ಬಂದರೆ, ನನ್ನ ಅರ್ಧ ಪುಟದ ಕನಸು ಅಂಗಳದ ಮುಂದೆ ನಿಂತಿತ್ತು. ಎಂಬತ್ತರ ಅವ್ವ ಅದರ ಪೂಜೆ ಮುಗಿಸುತ್ತಿದ್ದಳು. ಹೊಸ ಗಾಡಿ ಮನೆಗೆ ಬಂದಿದೆ, ಅದೂ ಚರಗದ ದಿನ, ಇದಕ್ಕಿಂತ ಯೋಗವುಂಟೇ ಎಂದು ಆಕೆ ಯಾರನ್ನೂ ಕೇಳುವ ಗೋಜಿಗೇ ಹೋಗಿರಲಿಲ್ಲ. ಕಂಪನಿಯವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ರೂಪಿಸಿದ ಹೊಸ ಮುಖವನ್ನು ಅವ್ವ ಹತ್ತೇ ನಿಮಿಷದಲ್ಲಿ ಮತ್ತೊಮ್ಮೆ ರೂಪಿಸಿದ್ದಳು. ಮೂಗಿನ ಮೇಲೆ ಮೂರೆಳೆ ವಿಭೂತಿ, ಎರಡು ದೀಪಕ್ಕೂ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ನಾಲ್ಕು ಗಾಲಿಗಳ ಕೆಳಗೆ ಇಂಡಿ ತಾಲೂಕಿನ ದಪ್ಪ ನಿಂಬೆಹಣ್ಣು. ಪಕ್ಕದಲ್ಲಿ ಕೋಟು ತೊಟ್ಟ ಸುಷ್ಮಾ ಏನು ಮಾಡಬೇಕೆಂದು ತಿಳಿಯದೆ ಕೈಮುಗಿದು ನಿಂತಿದ್ದಳು.

"ಅವ್ವಾ, ಇದು ನಮ್ಮ ಗಾಡಿ ಅಲ್ಲಬೇ! ಬರೇ ನೋಡಾಕ ತಂದಾರ" ಎಂದೆ. ಅವ್ವ ಕಾಯಿಯ ಹೋಳನ್ನು ನನ್ನ ಕೈಗೆ ಕೊಟ್ಟು, "ಪೂಜಿ ಆದ ಮ್ಯಾಲೆ ಎಂಥಾ ನೋಡೂದೋ ತಮ್ಮಾ? ಪೂಜಿ ಮಾಡಿದ ಗಾಡಿ ಬಾಗಲದಿಂದ ವಾಪಸ್ ಕಳಿಸಿದ್ರ ಮನಿಗೆ ಚಲೋದಲ್ಲ" ಎಂದು ಒಳಗೆ ಹೋದಳು. ಹೋಗುವಾಗ ಸುಷ್ಮಾಳ ಕೈ ಹಿಡಿದು ಜೊತೆಗೇ ಕರೆದುಕೊಂಡು ಹೋದಳು. ಅಮಾವಾಸ್ಯೆಯ ದಿನ ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ನಿಲ್ಲಿಸುವುದುಂಟೇ? ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬಿದಳು. ಆ ಹೆಣ್ಣುಮಗಳಿಗೆ ಕೋಟಿನ ಮೇಲೆ ಉಡಿ ಹಿಡಿಯುವ ಅಭ್ಯಾಸವಿರಲಿಲ್ಲ. ಆದರೂ ಚೆನ್ನಾಗಿಯೇ ನಿಭಾಯಿಸಿದಳು. ಅಷ್ಟರಲ್ಲಿ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರು ಗೇಟಿಗೆ ಬಂದು, "ಪೇಡೆ ಎಲ್ರಿ ವಕೀಲ್ರ?" ಎಂದು ಕೂಗಿದರು. ನಾನು ಇಲ್ಲ ಎನ್ನುವ ಮೊದಲೇ ಅವರು ಓಣಿಗೆಲ್ಲ ಹೌದು ಎಂದು ಹೇಳಿಯಾಗಿತ್ತು.

ಬುತ್ತಿ ಸಿದ್ಧವಾಗಿತ್ತು. ಹೊಲ ಮೋರಟಗಿಯ ಹತ್ತಿರ. ಓಡಿಸಿಯೂ ನೋಡಿದಂತಾಯಿತು, ಚರಗವೂ ಆದಂತಾಯಿತು ಎಂದು ಎಲ್ಲರೂ ಅದೇ ಕಾರಿನಲ್ಲಿ ಹೊರಟೆವು. ಮೋರಟಗಿಯಲ್ಲಿ ಮಲ್ಲಪ್ಪನನ್ನು ಹತ್ತಿಸಿಕೊಳ್ಳಬೇಕಿತ್ತು. ಮಲ್ಲಪ್ಪ ನನ್ನ ಜೊತೆಗೆ ಸಾಲಿ ಕಲಿತವನು, ಮೂವತ್ತು ವರ್ಷಗಳಿಂದ ನಮ್ಮ ಹೊಲವನ್ನು ಪಾಲಿಗೆ ಮಾಡುವವನು. ಇಡೀ ತಾಲೂಕಿನಲ್ಲಿ ನನ್ನನ್ನು "ಲೇ" ಎಂದು ಕರೆಯುವವನು ಅವನೊಬ್ಬನೇ. ನನ್ನ ಹಳೆಯ ಕಾರಿನಲ್ಲಿ ಅವನು ಕೂರುವ ಚೆಂದವೇ ಬೇರೆ. ಎರೆಮಣ್ಣು ಮೆತ್ತಿದ ಕಾಲನ್ನು ಚಾಚಿ, ಬಾಗಿಲನ್ನು ದಡಾರನೆ ಬಡಿದು, "ಲೇ, ಗೇರ್ ಹಾಕಾಕತ್ತಿಯೋ ಕಡಗೋಲು ತಿರುವಾಕತ್ತಿಯೋ?" ಎಂದು ಊರು ಮುಟ್ಟುವವರೆಗೂ ಬೈಯುತ್ತಾನೆ. ಕೋರ್ಟಿನಲ್ಲಿ ನ್ಯಾಯಾಧೀಶರು ಬೈದರೂ ನನಗೆ ಅಷ್ಟು ನಾಟುವುದಿಲ್ಲ, ಅಷ್ಟು ಹಿತವೂ ಆಗುವುದಿಲ್ಲ.

ಅಂಥ ಮಲ್ಲಪ್ಪ ಆ ಕಾರಿನ ಮುಂದೆ ನಿಂತು, ವಿಭೂತಿಯಿಂದ ಹಾರದವರೆಗೆ ಒಮ್ಮೆ ನೋಡಿದ. ಸುಷ್ಮಾ ಹಿಂದೆ ಹೋಗಿ ಗಿರಿಜಾ ಮತ್ತು ಅವ್ವನ ನಡುವೆ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಅವನಿಗೆ ಮುಂದಿನ ಸೀಟು ಬಿಟ್ಟುಕೊಟ್ಟಳು. ಮಲ್ಲಪ್ಪ ಚಪ್ಪಲಿ ಕಳಚಿದ. ಅವುಗಳ ತಳ ಒಂದಕ್ಕೊಂದು ತಾಗುವಂತೆ ಜೋಡಿಸಿ, ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬೆನ್ನು ಆನಿಸದೆ ಸೀಟಿನ ತುದಿಗೆ ಕೂತ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ. ನಾನು ಬೇಕೆಂದೇ ಒಂದು ತಗ್ಗಿನಲ್ಲಿ ಗಾಲಿ ಇಳಿಸಿದೆ. ಬೈಯಲಿಲ್ಲ. ಎದುರು ಬಂದ ಕಬ್ಬಿನ ಟ್ರ್ಯಾಕ್ಟರಿಗೆ ತೀರ ಹತ್ತಿರ ಹೋದೆ. ಆಗಲೂ ಬೈಯಲಿಲ್ಲ, ಮುಂದೆಲ್ಲೋ ದೂರ ನೋಡುತ್ತಿದ್ದ. ಬಾಲ್ಯದ ಗೆಳೆಯ ಅಷ್ಟು ಹತ್ತಿರ ಕೂತು ಪರಕೀಯನಾಗಿಬಿಟ್ಟನಲ್ಲ ಎಂದು ಸಂಕಟವಾಯಿತು.

ಡಾಂಬರು ರಸ್ತೆ ಬಿಟ್ಟು ಬಂಡಿದಾರಿಗೆ ಇಳಿದ ಮೇಲೆ ಕಾರಿಗೂ ಸಂಕಟ ಶುರುವಾಯಿತು. ಎರಡೂ ಕಡೆ ಆಳೆತ್ತರದ ಬಿಳಿಜೋಳ ದಾರಿಯ ಮೇಲೆ ಬಾಗಿತ್ತು. ಅಡ್ಡ ಬಂದದ್ದನ್ನು ಕಂಡರೆ ತಾನೇ ನಿಲ್ಲುವ ಕಾರು ಅದು. ಜೋಳದ ತೆನೆಯೊಂದು ಮುಂದೆ ತೂಗಿದರೆ ಸಾಕು, ಕೀಂ ಕೀಂ ಎಂದು ಕಿರುಚಿ ಗಕ್ಕನೆ ನಿಲ್ಲುತ್ತಿತ್ತು. ಒಂದು ಮಾರು ಹೋಗುವುದು, ನಿಲ್ಲುವುದು. ಒಳಗಿನಿಂದ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಎಚ್ಚರಿಸುತ್ತಿತ್ತು. "ಯಾರಬೇ ಈಕಿ, ಹೊಟ್ಟಿ ಹಸದೈತೇನೋ, ಒಂದ ಸವನ ವದರಾಕತ್ತಾಳ" ಎಂದು ಅವ್ವ ಮರುಗಿದಳು. ಸುಷ್ಮಾ ಹಿಂದಿನಿಂದ, "ಸಾರ್, ಅದು ನಿಮ್ಮ ಸೇಫ್ಟಿಗೆ" ಎನ್ನುತ್ತಿದ್ದಳು. ಜೋಳದಿಂದ ನನಗೆ ಎಂದೂ ಅಪಾಯವಾಗಿರಲಿಲ್ಲ. ಕೊನೆಗೆ ಇಳಿದು ನಡೆಯೋಣವೆಂದರೆ ನಾನು ಏಳಲಾಗಲಿಲ್ಲ. ಹೊಸ ವಿನ್ಯಾಸದಲ್ಲಿ ಸೀಟನ್ನು ನೆಲಕ್ಕೆ ಅಷ್ಟು ಹತ್ತಿರ ಇಳಿಸಿದ್ದರು. ಗಿರಿಜಾ ಒಂದು ಕೈ, ಸುಷ್ಮಾ ಒಂದು ಕೈ ಹಿಡಿದು ಎಳೆದು ಹೊರಗೆ ತೆಗೆದರು. ಮಲ್ಲಪ್ಪ ಅದಕ್ಕೂ ನಗಲಿಲ್ಲ.

ಚರಗ ಚೆಲ್ಲಿ, ಬನ್ನಿಗಿಡದ ಕೆಳಗೆ ಉಂಡೆವು. ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಸುಷ್ಮಾ ಕೋಟು ಕಳಚಿಟ್ಟು ನಾಲ್ಕು ಕಡಬು ತಿಂದಳು. ಕಡಬಿನ ಹಿಟ್ಟು ಯಾವುದೆಂದು ಕೇಳಿಕೊಂಡಳು. ನಾನು ಮಾತ್ರ ಉಣ್ಣಲಾರದೆ ಒಂದು ನಿರ್ಧಾರಕ್ಕೆ ಬಂದಿದ್ದೆ. ಗೆಳೆಯ ಚಪ್ಪಲಿ ಕಳಚಿ ಕೂರಬೇಕಾದ ಕಾರು ನನಗೆ ಬೇಡ. ಹಾಗೆ ಅಂದುಕೊಂಡಾಗ ನನ್ನ ಬಗ್ಗೆ ನನಗೇ ಎಷ್ಟು ಗೌರವ ಬಂತೆಂದರೆ, ಬೆನ್ನು ನೆಟ್ಟಗೆ ಮಾಡಿ ಕೂತೆ. ಉಳಿದಿದ್ದು ಪೂಜೆಯ ತೊಡಕು. ಅವ್ವನ ಹತ್ತಿರ ಮೆಲ್ಲಗೆ ಹೇಳಿದೆ. ಆಕೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕ್ಷಣ ಯೋಚಿಸಿ, ನಾನು ಮೂವತ್ತು ವರ್ಷದಲ್ಲಿ ಮಂಡಿಸದಂಥ ವಾದ ಮಂಡಿಸಿದಳು. "ಗಾಡಿ ತಂದಾಕಿ ಆಕಿ. ಉಡಿ ತುಂಬಿಸಿಕೊಂಡಾಕಿನೂ ಆಕಿ. ತವರಿಂದ ಮಗಳು ಗಾಡಿ ತಗೊಂಡು ಗಂಡನ ಊರಿಗೆ ಹೊಂಟ್ರ ಅದು ವಾಪಸ್ ಕಳಿಸಿದಂಗ ಹ್ಯಾಂಗ ಆಕ್ಕೈತಿ? ಚಂದಂಗ ಕಳಿಸಿಕೊಟ್ಟಂಗ ಆತು." ಸಂಜೆ ನಮ್ಮನ್ನೆಲ್ಲ ಮನೆಗೆ ಇಳಿಸಿ ಸುಷ್ಮಾ ಹೊರಟಳು. ಡಿಕ್ಕಿಯಲ್ಲಿ ಹೋಳಿಗೆಯ ಡಬ್ಬಿ, ಕಾರಿನ ಮೂಗಿನ ಮೇಲೆ ವಿಭೂತಿ. ಹೊರಡುವಾಗ ಅವಳ ಕಣ್ಣು ತುಂಬಿತ್ತು. ಮಾರಾಟವಾಗದ್ದಕ್ಕೆ ಅತ್ತಳೆಂದು ನನಗೆ ಅನ್ನಿಸಲಿಲ್ಲ.

ಮರುದಿನ ಹಳೆಯ ಕಾರಿನಲ್ಲಿ ಮೋರಟಗಿಗೆ ಹೋದೆ. ನನ್ನ ತ್ಯಾಗದ ಸುದ್ದಿಯನ್ನು ನಾನೇ ಹೇಳಬೇಕಿತ್ತು. ಮಲ್ಲಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. "ಲೇ ಮಲ್ಲ್ಯಾ, ಆ ಗಾಡಿ ತಗೊಳ್ಳಾಂಗಿಲ್ಲ. ನಿನ್ನ ಸಲವಾಗಿನ ಬಿಟ್ಟೆ. ನೀ ಚಪ್ಪಲಿ ತೊಡಿ ಮ್ಯಾಲೆ ಇಟ್ಕೊಂಡು, ಬೈಲಾರದ ಕುಂತದ್ದು ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ" ಎಂದೆ. ಮಲ್ಲಪ್ಪ ಹಗ್ಗ ಕೆಳಗಿಟ್ಟ.

"ನಿನಗ ವಕೀಲಕಿ ಸರ್ಟಿಫಿಕೇಟ್ ಕೊಟ್ಟಾಂವ ಯಾರಲೇ?" ಎಂದ. "ಪೂಜಿ ಆದ ಹೊಸಾ ಗಾಡ್ಯಾಗ ಮೊದಲನೇ ದಿನ ಯಾವನರ ಚಪ್ಪಲಿ ಮೆಟ್ಟಿಕೊಂಡು ಕುಂಡ್ರತಾನೇನು? ಎರಡನೇ ದಿನದಿಂದ ನನ್ನ ಕಾಲು ಎಲ್ಲಿರತಿದ್ವು ನೋಡಬೇಕಿತ್ತು ನೀನು!"

"ಮತ್ತ ಬೈಲಿಲ್ಲ ಯಾಕ?"

"ಬೈಯಾಕ ಪುರಸತ್ತ ಎಲ್ಲಿತ್ತು? ಮುಂದಿನ ಗುರುವಾರ ಮುದ್ದೇಬಿಹಾಳಕ್ಕ ಮಗಳನ್ನ ಕೊಡೂ ಬೀಗರ ಮನಿ ನೋಡಾಕ ಹೋಗೂದೈತಿ. ಆ ಗಾಡಿಂದ ನಾ ಇಳಿಯೂದು ನೋಡಿ ಬೀಗನ ಮಾರಿ ಹ್ಯಾಂಗ ಆಕ್ಕೈತಿ ಅಂತ ನೆನಸ್ಕೋತ ಕುಂತಿದ್ದೆ. ನಮ್ಮ ವಕೀಲನ ಹೊಸಾ ಗಾಡ್ಯಾಗ ಬರ್ತೇವಿ ಅಂತ ನಿನ್ನೆನ ಫೋನ್ ಹಚ್ಚಿ ಹೇಳಿಬಿಟ್ಟೇನಿ. ಈಗ ಈ ಡಬ್ಬಿ ತಗೊಂಡು ಹ್ಯಾಂಗ ಹೋಗ್ಲಿ?" ಎಂದು ನನ್ನ ಹಳೆಯ ಕಾರನ್ನು ತೋರಿಸಿದ. ಆಮೇಲೆ ಮುಖ ತಿರುಗಿಸಿ ಕೂತ. ಸಾಲಿ ಕಲಿಯುವಾಗ ಗೋಲಿ ಕಸಿದುಕೊಂಡದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದ. ಈಗಿನ ಸಿಟ್ಟು ಅದಕ್ಕಿಂತ ದೊಡ್ಡದೆಂದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಮನೆಗೆ ಬಂದು, ಗಿರಿಜಾ ಹಿತ್ತಲಿಗೆ ಹೋಗುವುದನ್ನೇ ಕಾದು ಶೋರೂಮಿಗೆ ಫೋನ್ ಮಾಡಿದೆ. ಗುರುವಾರ ಇನ್ನೊಮ್ಮೆ ಓಡಿಸಿ ನೋಡಬೇಕು, ಮುದ್ದೇಬಿಹಾಳದವರೆಗೆ ಹೋಗಿ ಬಂದರೆ ಗಾಡಿಯ ಗುಣ ಚೆನ್ನಾಗಿ ತಿಳಿಯುತ್ತದೆ ಎಂದೆ. ಸುಷ್ಮಾ ನಕ್ಕಳು. "ಬರ್ತೀನಿ ಸಾರ್. ಅಜ್ಜಿಗೆ ಹೇಳಿ, ಕಡಬು ಇರಲಿ. ಆದರೆ ನಮ್ಮ ಮ್ಯಾನೇಜರ್ ಕೇಳ್ತಾರೆ, ನಿಜವಾಗ್ಲೂ ತಗೊಳ್ಳೋ ಯೋಚನೆ ಇದೆಯಾ?" "ಇದೆ, ಇದೆ" ಎಂದೆ. ಮೂವತ್ತು ವರ್ಷ ಸಾಕ್ಷಿಗಳಿಗೆ ಸುಳ್ಳು ಹೇಳಬೇಡಿರೆಂದು ಬುದ್ಧಿ ಹೇಳಿದವನು ನಾನು. ಗೆಳೆಯನಿಗಾಗಿ ಒಂದೇ ಒಂದು ಸುಳ್ಳು ತಾನೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು, ಫಾರ್ಮಿನಲ್ಲಿ ತುಂಬಬೇಕು, ಯಾವ ಬಣ್ಣ ಎಂದು ಕೇಳಿದಳು. ಅವಳ ಮಾತು ಮುಗಿಯುವ ಮೊದಲೇ ನಾನು ಬಣ್ಣ ಹೇಳಿಬಿಟ್ಟಿದ್ದೆ.